ಓದುಗರ ಪ್ರಶ್ನೆ: ರಮಾಬಾಯಿಯವರ ಬಗ್ಗೆ ಮಾತಾಡುವಾಗ ಏನನ್ನು ಬಿಡಬೇಕು?

ಪ್ರಶ್ನೆ: ನಮ್ಮ ಮಹಿಳಾ ಸಂಘದಲ್ಲಿ ಪಂಡಿತಾ ರಮಾಬಾಯಿಯವರ ನೆನಪಿನ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. "ಕ್ರೈಸ್ತ ಮತಕ್ಕೆ ಬದಲಾದ ವಿಷಯ ಎತ್ತಬೇಡಿ, ವಿಧವೆಯರಿಗೆ ಮಾಡಿದ ಕೆಲಸ ಅಷ್ಟೇ ಹೇಳಿ ಮುಗಿಸಿ" ಅಂತ ಕೆಲವರು ಈಗಾಗಲೇ ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಎತ್ತಿ. ಅದನ್ನು ಬಿಟ್ಟರೆ ಮಿಕ್ಕ ಕಥೆಗೆ ಕಾರಣವೇ ಸಿಗುವುದಿಲ್ಲ. ಇನ್ನೊಂದು ಕಡೆಯವರು ಆಕೆಯನ್ನು ಬರೀ ಭಕ್ತೆ ಮಾಡಿ ಕೂರಿಸುತ್ತಾರೆ, ಅದೂ ಅಷ್ಟೇ ಅರ್ಧಂಬರ್ಧ. ನಂಬಿಕೆಯನ್ನು ಒಂದು ಕಡೆ, ಕೆಲಸವನ್ನು ಇನ್ನೊಂದು ಕಡೆ ಇಟ್ಟು ಹೇಳಲು ಈ ಜೀವನದಲ್ಲಿ ಆಗುವುದಿಲ್ಲ.

ಮೊದಲಿಂದ ನೋಡಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಬೈಸಿಕೊಂಡವರು. ರಮಾಬಾಯಿಗೆ ಪಾಠ ಹೇಳಿದ್ದು ಆ ತಾಯಿ ಲಕ್ಷ್ಮೀಬಾಯಿ. ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಾ ಪುರಾಣ ಹೇಳಿ ಬದುಕುತ್ತಿತ್ತು. 1870ರ ದಶಕದ ಬರಗಾಲದಲ್ಲಿ ಕೈಲಿದ್ದದ್ದನ್ನೆಲ್ಲಾ ದಾನ ಮಾಡಿ, ಉಪವಾಸ, ಜಪ ಅಂತ ಕುಳಿತರು. ದೇವರು ನೋಡಿಕೊಳ್ಳುತ್ತಾನೆ ಎಂದು ಕಾದರು. ತಂದೆ ಹೋದರು, ತಾಯಿ ಹೋದರು, ಅಕ್ಕನೂ ಹೋದರು. ಉಳಿದ ಅಣ್ಣ ತಂಗಿ ಊರೂರು ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿ ಆಕೆಯ ಸಂಸ್ಕೃತ ಕೇಳಿ ದಂಗಾದ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಆಗ ವಯಸ್ಸು ಇಪ್ಪತ್ತು. ಹೆಂಗಸರಿಗೆ ಧರ್ಮ ಹೇಳಿ ಅಂತ ಅಲ್ಲಿನವರೇ ಕೇಳಿಕೊಂಡರು. ಅದಕ್ಕೆಂದು ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ, ಬೇರೆ ಯಾವ ಮಾತಿನಲ್ಲೂ ಹೊಂದಾಣಿಕೆ ಇಲ್ಲದ ಆ ಗ್ರಂಥಗಳೆಲ್ಲಾ ಹೆಣ್ಣು ಮತ್ತು ಶೂದ್ರರನ್ನು ಕೀಳಾಗಿ ಕಾಣುವುದರಲ್ಲಿ ಮಾತ್ರ ಒಂದಾಗಿವೆ ಅಂತ ಆಕೆಗೆ ಅನ್ನಿಸಿತು. ಇದನ್ನು ಆಕೆಯೇ ಮುಂದೆ ಬರೆದುಕೊಂಡಿದ್ದಾರೆ.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರ ಜೊತೆ ರಿಜಿಸ್ಟರ್ ಮದುವೆ ಆಯಿತು. ಅವರು ಬೇರೆ ಜಾತಿಯವರು, ಶೂದ್ರರು. 1882ರಲ್ಲಿ ಅವರೂ ಹೋದರು. ಕೈಲಿ ವರ್ಷವೂ ತುಂಬದ ಮಗಳು ಮನೋರಮಾ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಹೆಣ್ಣು ಟೀಚರುಗಳು ಬೇಕು, ಹೆಣ್ಣು ಡಾಕ್ಟರುಗಳು ಬೇಕು ಎಂದರು. ತಾವೇ ಡಾಕ್ಟರಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು, ಕಿವಿ ಮಂದವಾಗಿದ್ದರಿಂದ ಆಗಲಿಲ್ಲ.

ಅಲ್ಲಿ ನಡೆದದ್ದನ್ನು ನಿಮ್ಮ ಮಾತಿನಲ್ಲಿ ಖಂಡಿತ ಸೇರಿಸಿ. ಆಕೆ ಉಳಿದುಕೊಂಡಿದ್ದ ವಾಂಟೇಜ್ ಊರಿನ ಕ್ರೈಸ್ತ ಮಠದ ಸಿಸ್ಟರುಗಳು (ಸನ್ಯಾಸಿನಿಯರು) ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಒಂದು ಮನೆ ನಡೆಸುತ್ತಿದ್ದರು. ಸಮಾಜ 'ಕೆಟ್ಟವಳು' ಅಂತ ದೂರ ಇಟ್ಟ ಹೆಂಗಸರಿಗೆ ಅದು ಆಸರೆ. ಅಂಥವರನ್ನು ಮುಟ್ಟಿ, ಮಾತಾಡಿಸಿ, ಉಪಚರಿಸುವುದನ್ನು ರಮಾಬಾಯಿ ಅದೇ ಮೊದಲು ನೋಡಿದ್ದು. ಯಾಕೆ ಮಾಡುತ್ತೀರಿ ಎಂದು ಕೇಳಿದರು. ಜನ ಕೀಳಾಗಿ ಕಾಣುತ್ತಿದ್ದ ಸಮಾರ್ಯದ ಹೆಂಗಸನ್ನು ಏಸು ತಾವಾಗಿಯೇ ಮಾತಾಡಿಸಿದ ಬೈಬಲ್ ಕಥೆಯನ್ನು ಸಿಸ್ಟರುಗಳು ಹೇಳಿದರು. 1883ರ ಸೆಪ್ಟೆಂಬರ್‌ನಲ್ಲಿ ಆಕೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಅಂದರೆ ವಾದ ಸೋತು ಮತ ಬದಲಾಯಿಸಿದ್ದಲ್ಲ, ವಾದದಲ್ಲಿ ಆಕೆಯನ್ನು ಸೋಲಿಸುವವರು ಕಡಿಮೆಯೇ ಇದ್ದರು. ಒಂದು ಕೆಲಸವನ್ನು ಕಣ್ಣಾರೆ ನೋಡಿ ಮನಸ್ಸು ತಿರುಗಿತು. ಮುಂದೆ ಕೇಡಗಾಂವ್‌ನಲ್ಲಿ ಅಂಥದೇ ಹೆಂಗಸರಿಗಾಗಿ 'ಕೃಪಾ ಸದನ' ಕಟ್ಟಿದರಲ್ಲ, ಅದರ ಬೇರು ಫುಲ್‌ಹ್ಯಾಮ್‌ನಲ್ಲಿದೆ. ಈಗ ಹೇಳಿ, ಮತದ ವಿಷಯ ಬಿಟ್ಟು ಕೃಪಾ ಸದನದ ವಿಷಯ ಹೇಗೆ ಹೇಳುತ್ತೀರಿ?

ಹಾಗಂತ ಪಾದ್ರಿಗಳು ಹೇಳಿದ್ದಕ್ಕೆಲ್ಲಾ ತಲೆಯಾಡಿಸಿದವರೂ ಅಲ್ಲ. ಸಿಸ್ಟರ್ ಜೆರಾಲ್ಡಿನ್ ಎಂಬುವರು ದೀಕ್ಷಾಗುರುವಿನ ಸ್ಥಾನದಲ್ಲಿದ್ದರು. ಅವರ ಜೊತೆಯೇ ಪತ್ರದಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಿರಬಾರದು ಅಂತಲೂ ಒಂದು ತಕರಾರು. ಸಸ್ಯಾಹಾರ ಬಿಡಲಿಲ್ಲ. ಬಿಷಪ್ಪರ ಬಾಯಿಂದ ಬಂದ ಮಾತೆಲ್ಲಾ ಒಪ್ಪಲೇಬೇಕು ಅಂತಿಲ್ಲ ಎಂದು ನೇರವಾಗಿ ಬರೆದರು. ಮತ ಬದಲಾಯಿಸಿದ್ದಕ್ಕೆ ಇಲ್ಲಿ ಬೈದರು, ಮಾತು ಕೇಳುವುದಿಲ್ಲ ಅಂತ ಅಲ್ಲಿ ಬೈದರು.

ಪ್ರಶ್ನೆ: ಶಾರದಾ ಸದನ ಕಟ್ಟಿದ್ದೇ ಮತಾಂತರಕ್ಕೆ ಎಂಬ ಆರೋಪವಿದೆ. ನಿಜವೇ?

ಉತ್ತರ: ಕಟ್ಟಿದ್ದು ಅದಕ್ಕಲ್ಲ. 1886ರಲ್ಲಿ ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವ ಸಮಾರಂಭಕ್ಕೆಂದು ರಮಾಬಾಯಿ ಅಮೆರಿಕಕ್ಕೆ ಹೋದರು. ಅಲ್ಲಿ ಭಾಷಣ ಮಾಡಿ, ಮೇಲ್ಜಾತಿ ಹಿಂದೂ ಹೆಂಗಸರ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು ದುಡ್ಡು ಕೂಡಿಸಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಓದು, ಆಸರೆ ಕೊಡುವ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಬಂತು. ಸದನದಲ್ಲಿ ಮತ ಬೋಧನೆ ಇಲ್ಲ ಎಂಬುದು ಷರತ್ತು. ಸಲಹಾ ಮಂಡಳಿಯಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿಂದೂ ಸುಧಾರಕರಿದ್ದರು.

ತಕರಾರು ಬಂದದ್ದು ಒಂದು ಬಾಗಿಲ ವಿಷಯಕ್ಕೆ. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದೇ ಇಡುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಬನ್ನಿ ಅಂತ ನಾನು ಕರೆಯುವುದಿಲ್ಲ, ಹೋಗಿ ಅಂತಲೂ ಹೇಳುವುದಿಲ್ಲ ಎಂಬುದು ಆಕೆಯ ನಿಲುವು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ಮಂಡಳಿಯವರು ರಾಜೀನಾಮೆ ಕೊಟ್ಟರು, ಎಷ್ಟೋ ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ನನ್ನ ಅಭಿಪ್ರಾಯ ಕೇಳಿದರೆ, ಷರತ್ತನ್ನು ಅಕ್ಷರಶಃ ಆಕೆ ಮುರಿಯಲಿಲ್ಲ. ಆದರೆ ಊಟ, ಆಸರೆ, ಅಕ್ಷರ ಮೂರನ್ನೂ ಒಬ್ಬರ ಕೈಯಿಂದಲೇ ಪಡೆಯುವ ಹುಡುಗಿ ಅವರ ದೇವರ ಕಡೆ ಸುಮ್ನೆ ತಿರುಗಿ ನೋಡದೆ ಇರುತ್ತಾಳಾ? ರಾನಡೆಯವರ ಅಂಜಿಕೆ ಪೊಳ್ಳಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು. ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಮತ ಬದಲಾಯಿಸಲಿಲ್ಲ. ಧೋಂಡೊ ಕೇಶವ ಕರ್ವೆಯವರನ್ನು ಅದೇ 1893ರಲ್ಲಿ ಮದುವೆಯಾದರು. ಕರ್ವೆಯವರು 1896ರಲ್ಲಿ ತಾವೇ ವಿಧವೆಯರಿಗೆ ಆಶ್ರಮ ಶುರು ಮಾಡಿದರು. ರಮಾಬಾಯಿಗೆ ಕೊಟ್ಟ ಉತ್ತರಗಳಲ್ಲಿ ಅದೊಂದೇ ಸರಿಯಾದ ಉತ್ತರ ಅಂತ ನನಗನ್ನಿಸುತ್ತದೆ, ಕೇಸರಿಯ ಬೈಗುಳವಲ್ಲ.

ಮುಂದೆ ಕೇಡಗಾಂವ್‌ನ ಆಕೆಯ ಆಶ್ರಮ 'ಮುಕ್ತಿ' ಮಾತ್ರ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಅದನ್ನು ಮುಚ್ಚಿಡಬೇಕಾಗಿಲ್ಲ, ಆಕೆಯೂ ಮುಚ್ಚಿಡಲಿಲ್ಲ.

ಪ್ರಶ್ನೆ: ಮುಕ್ತಿಯಲ್ಲಿ ನಿಜವಾಗಿ ಏನು ನಡೆಯುತ್ತಿತ್ತು? 'ಸೇವೆ' ಎಂದರೆ ನಮಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ.

ಉತ್ತರ: ಒಳ್ಳೆಯ ಪ್ರಶ್ನೆ, ಭಾಷಣಗಳಲ್ಲಿ ಇದೇ ಬಿಟ್ಟುಹೋಗುವುದು. ಕೇಡಗಾಂವ್ ಪುಣೆ ಜಿಲ್ಲೆಯಲ್ಲಿದೆ. ಆ ಜಮೀನನ್ನು ಮೊದಲು ಕೊಂಡದ್ದು ಸದನದ ಖರ್ಚಿಗೆ ಹಣ್ಣಿನ ತೋಟ ಮಾಡೋಣ ಅಂತ. 1896-97ರಲ್ಲಿ ಮಧ್ಯ ಭಾರತದಲ್ಲಿ ಬರ ಬಿತ್ತು. ಹಸಿವಿನಲ್ಲಿ ಹೆತ್ತವರನ್ನು ಕಳೆದುಕೊಂಡಿದ್ದ ರಮಾಬಾಯಿಗೆ ಬರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ತಾವೇ ಹೋಗಿ ನೂರಾರು ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತು. ಅಷ್ಟು ಜನಕ್ಕೆ ದಿನಾ ಅಡುಗೆಯಾಗಬೇಕು, ಬಾವಿ ತೋಡಬೇಕು, ಬಟ್ಟೆ ಒಗೆಯಬೇಕು. ಓದು ಬರಹದ ಜೊತೆ ಬೇಸಾಯ, ಹಸು ಸಾಕಣೆ, ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಮುದ್ರಣ ಎಲ್ಲಾ ಕಲಿಸಿದರು. ಕುರುಡು ಹೆಂಗಸರಿಗೆ ಮನೋರಮಾ ಬ್ರೈಲ್ ಕಲಿಸಿದರು. ಇನ್ನೊಬ್ಬರ ಮನೆಯ ಮೂಲೆಯಲ್ಲಿ ತಲೆ ಬೋಳಿಸಿಕೊಂಡು ಕೂರಬೇಕಾಗಿದ್ದ ಹೆಂಗಸು ಇಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದಳು.

ಆ ಪ್ರೆಸ್ಸಿಗೆ ಕೊನೆಯ ದೊಡ್ಡ ಕೆಲಸ ರಮಾಬಾಯಿಯವರ ಮರಾಠಿ ಬೈಬಲ್. ಹೀಬ್ರೂ, ಗ್ರೀಕ್ ಕಲಿತು, ಹದಿನೆಂಟು ವರ್ಷದಷ್ಟು ಕಾಲ ಕೂತು ಅನುವಾದ ಮಾಡಿದರು. ಸಂಸ್ಕೃತದಲ್ಲಿ ಪಂಡಿತೆ ಅನ್ನಿಸಿಕೊಂಡವರು ಹಟ ಹಿಡಿದು ಓದು ಕಡಿಮೆಯಿರುವ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಬರೆದರು. ಅದು ಪೂರ್ತಿ ಪುಸ್ತಕವಾಗಿ ಹೊರಬಂದದ್ದು ಆಕೆ ತೀರಿಕೊಂಡ ಮೇಲೆ, 1924ರಲ್ಲಿ.

ಬ್ರಿಟಿಷರ ಪರ ಇದ್ದರಂತೆ ಎಂದು ಯಾರಾದರೂ ಎದ್ದು ಕೇಳಬಹುದು. 1889ರ ಮುಂಬೈ ಕಾಂಗ್ರೆಸ್ ಅಧಿವೇಶನದಲ್ಲಿದ್ದ ಕೆಲವೇ ಮಹಿಳಾ ಪ್ರತಿನಿಧಿಗಳಲ್ಲಿ ಆಕೆ ಒಬ್ಬರು. 1897ರ ಪ್ಲೇಗ್ ಕಾಲದಲ್ಲಿ ಪುಣೆಯಲ್ಲಿ ಸರ್ಕಾರ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಪತ್ರಿಕೆಯಲ್ಲಿ ಬಿಡಿಸಿ ಬರೆದರು. 1919ರಲ್ಲಿ ಅದೇ ಸರ್ಕಾರದ ಕೈಸರ್-ಇ-ಹಿಂದ್ ಪದಕವೂ ಬಂತು. ಮೂರನ್ನೂ ಹೇಳಿ.

ಪ್ರಶ್ನೆ: ಆಕೆ ಕರ್ನಾಟಕದವರೇ?

ಉತ್ತರ: ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23. ತಂದೆಯ ಊರು ಕಾರ್ಕಳದ ಹತ್ತಿರದ ಮಾಳ. ಮನೆಮಾತು ಮರಾಠಿ, ಕನ್ನಡವೂ ಬರುತ್ತಿತ್ತು. ಕೊನೆಯ ವರ್ಷಗಳಲ್ಲಿ ತಾಯಿ ಮಗಳು ಸೇರಿ ಗುಲ್ಬರ್ಗದಲ್ಲಿ ಒಂದು ಶಾಲೆ ತೆರೆದರು, ಮನೋರಮಾ ಅದರ ಮುಖ್ಯಸ್ಥೆ. ನಮ್ಮವರು ಅಂತ ಹೇಳಿಕೊಳ್ಳಲು ಇಷ್ಟು ಸಾಕು, ಅಲ್ವಾ? ಮನೋರಮಾ 1921ರ ಜುಲೈನಲ್ಲಿ, ನಲವತ್ತರ ವಯಸ್ಸಿಗೇ ತೀರಿಕೊಂಡರು.

ಪ್ರಶ್ನೆ: ಕಾರ್ಯಕ್ರಮ ಯಾವ ದಿನ ಇಟ್ಟುಕೊಳ್ಳಲಿ?

ಉತ್ತರ: ರಮಾಬಾಯಿ ತೀರಿಕೊಂಡದ್ದು 1922ರ ಏಪ್ರಿಲ್ 5ರಂದು. ಇಂಗ್ಲೆಂಡಿನ ಚರ್ಚ್ ತನ್ನ ಕ್ಯಾಲೆಂಡರಿನಲ್ಲಿ ಆಕೆಯ ನೆನಪಿಗೆ ಏಪ್ರಿಲ್ 30ನ್ನು ಇಟ್ಟಿದೆ. ಭಾರತದ ಅಂಚೆ ಚೀಟಿ ಬಂದದ್ದು 1989ರ ಅಕ್ಟೋಬರ್‌ನಲ್ಲಿ. ಸಂಘದವರಿಗೆ ಬಿಡುವಿದ್ದರೆ ಹುಟ್ಟಿದ ದಿನವನ್ನೇ ಹಿಡಿಯಿರಿ, ಏಪ್ರಿಲ್ 23. ಮಾತಿಗೆ ಅರ್ಧ ಗಂಟೆಗಿಂತ ಕಡಿಮೆ ಸಮಯ ಕೊಟ್ಟರೆ ಒಪ್ಪಬೇಡಿ.