ಒಂದೇ ರೀತಿ ಕೇಳಿಸುವ ಇಂಗ್ಲಿಷ್ ಪದಗಳನ್ನು ತಪ್ಪಿಲ್ಲದೆ ಬರೆಯಲು ಯಾವ ಪಟ್ಟಿಯನ್ನು ಬಾಯಿಪಾಠ ಮಾಡಬೇಕು?

ಯಾವ ಪಟ್ಟಿಯೂ ಬೇಡ. ಇಂಥ ಪದಗಳನ್ನು ಮತ್ತೆ ಮತ್ತೆ ತಪ್ಪಾಗಿ ಬರೆಯುತ್ತೇನೆ, ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಇದಕ್ಕೆ ಕಾರಣವಿರಬೇಕು ಎಂದು ಬರೆದಿದ್ದೀರಲ್ಲ, ನಾನೂ ಹಾಗೆಯೇ ಅಂದುಕೊಂಡಿದ್ದೆ.

2009ರಲ್ಲಿ ದಾವಣಗೆರೆಯ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬಿ.ಕಾಂ. ಮುಗಿಸಿದ್ದವನು ನಾನೊಬ್ಬನೇ ಆಗಿದ್ದರಿಂದ ಹೊರರಾಜ್ಯದವರಿಗೆ ಇಂಗ್ಲಿಷ್ ಪತ್ರ ಬರೆಯುವ ಕೆಲಸವೂ ನನ್ನದೇ. ನವೆಂಬರ್ ತಿಂಗಳು, ಹೊಸ ಮಾಲು ಬರುತ್ತಿತ್ತು. ತಮಿಳುನಾಡಿನಲ್ಲಿ ಹಿಂಗಾರು ಮಳೆಯ ಕಾಲ. ನಾಮಕ್ಕಲ್ ಕಡೆಯ ಕೋಳಿ ಆಹಾರದ ವ್ಯಾಪಾರಿಯೊಬ್ಬರು ಮಾಲು ನೆನೆಯದೆ ಬರುತ್ತದೆಯೇ ಎಂದು ವಿಚಾರಿಸಿದರು. ಗೋದಾಮು ಮುಟ್ಟುವವರೆಗೆ ಲೋಡನ್ನು ಜೋಪಾನವಾಗಿ ನೋಡಿಕೊಳ್ಳುತ್ತೇವೆ ಎಂದು ಉತ್ತರಿಸಬೇಕಿತ್ತು.

ನನ್ನ ಬಾಯಲ್ಲಿ 'ಇನ್‌ಶೂರ್' ಎಂಬ ಪದ ಒಂದೇ ಇತ್ತು. ಕಾಗದದ ಮೇಲೆ ಅವು ಎರಡು. ಇ-ಎನ್ ಎಂದು ಆರಂಭವಾದರೆ ಖಚಿತಪಡಿಸುವುದು, ಐ-ಎನ್ ಎಂದು ಆರಂಭವಾದರೆ ವಿಮೆ ಮಾಡಿಸುವುದು. ನಾನು ಐ ಬರೆದೆ. ಅಷ್ಟೇ ಆಗಿದ್ದರೆ ಬಚಾವಾಗುತ್ತಿದ್ದೆನೇನೋ. 'ಸುರಕ್ಷಿತ ತಲುಪುವಿಕೆ' ಎಂಬುದನ್ನು ಕರ್ಮಪದವಾಗಿ ಇಟ್ಟಿದ್ದರೆ ನನ್ನ ಉದ್ದೇಶ ಅವರಿಗೆ ತಿಳಿಯುತ್ತಿತ್ತು. ಅಮೆರಿಕದವರು ಐ ರೂಪವನ್ನು ಆ ಅರ್ಥದಲ್ಲೂ ಬಳಸುವುದುಂಟು. ಆದರೆ ನಾನು ನೇರವಾಗಿ 'ಲೋಡನ್ನು' ಎಂದು ಬರೆದಿದ್ದೆ. ಲೋಡಿಗೆ ಮಾಡಿಸುವುದು ವಿಮೆಯನ್ನು. ಇಡೀ ಲೋಡಿಗೆ ಗೋದಾಮಿನವರೆಗೆ ವಿಮೆ ಮಾಡಿಸುತ್ತೇವೆ ಎಂದು ವಾಕ್ಯ ಸ್ಪಷ್ಟವಾಗಿ ಹೇಳುತ್ತಿತ್ತು. ಎರಡೂ ನಿಘಂಟಿನಲ್ಲಿರುವ ಪದಗಳಾದ್ದರಿಂದ ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ.

ದಾರಿಯಲ್ಲಿ ತಾಡಪಾಲು ಹರಿದು 62 ಚೀಲ ನೆನೆದವು. ಬೂಸ್ಟು ಹಿಡಿಯುವ ಕಾಳನ್ನು ಕೋಳಿಗೆ ಹಾಕುವಂತಿಲ್ಲ. ಅವರು ವಿಮೆಯ ಕಾಗದ ಕೇಳಿದರು, ಇಲ್ಲವೆಂದಾಗ ಸುಮಾರು 32,000 ರೂಪಾಯಿ ಮುರಿದುಕೊಂಡು ಹಣ ಕಳಿಸಿದರು. ಸಾಹುಕಾರರು ನನ್ನನ್ನು ಎದುರಿಗೆ ನಿಲ್ಲಿಸಿ, ಪತ್ರದ ಪ್ರತಿಯನ್ನು ಗಟ್ಟಿಯಾಗಿ ಓದು ಎಂದರು. ಓದಿದೆ. ಕಿವಿಗೆ ಅದರಲ್ಲಿ ಒಂದೂ ತಪ್ಪಿರಲಿಲ್ಲ. ನಷ್ಟದ ಅರ್ಧವನ್ನು ನನ್ನ ಸಂಬಳದಲ್ಲಿ ಹನ್ನೊಂದು ತಿಂಗಳು ಹಿಡಿದುಕೊಂಡರು.

ಕನ್ನಡದಲ್ಲಿ ಕಿವಿಯನ್ನು ನಂಬಬಹುದು. ಹಾಲು, ಹಾಳು ಎರಡನ್ನೂ ಸರಿಯಾಗಿ ಕೇಳಿಸಿಕೊಂಡವನು ಸರಿಯಾಗಿಯೇ ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಶತಮಾನಗಳ ಅವಧಿಯಲ್ಲಿ ಉಚ್ಚಾರ ಬದಲಾಯಿತು, ಕಾಗುಣಿತ ಹಳೆಯದೇ ಉಳಿಯಿತು. ಮಾಂಸದ 'ಮೀಟ್', ಭೇಟಿಯ 'ಮೀಟ್' ಒಂದು ಕಾಲಕ್ಕೆ ಬೇರೆ ಬೇರೆಯಾಗಿ ಕೇಳಿಸುತ್ತಿದ್ದವು. ಇಂಗ್ಲಿಷ್ ಮನೆಮಾತಿನವರೂ ಇಂಥ ಜೋಡಿಗಳಲ್ಲಿ ಎಡವುತ್ತಾರೆ. ಆದ್ದರಿಂದ ನಿಮ್ಮ ಶಾಲೆಯನ್ನು ದೂರಬೇಡಿ. ದೂರಬೇಕಾದದ್ದು ನಮ್ಮಲ್ಲಿ ಬಹಳ ಮಂದಿಗಿರುವ ಒಂದು ಅಭ್ಯಾಸವನ್ನು: ಪಠ್ಯಪುಸ್ತಕದ ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದು. 'ಇಲ್ಲಿ' ಎಂಬ ಪದಕ್ಕೂ 'ಕೇಳು' ಎಂಬ ಪದಕ್ಕೂ ನಾನು 'ಹಿಯರ್' ಎಂದೇ ಬರೆದುಕೊಂಡಿದ್ದೆ. ಕಣ್ಣು ಕನ್ನಡವನ್ನೇ ಓದುತ್ತಿತ್ತು, ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ನೋಡುತ್ತಲೇ ಇರಲಿಲ್ಲ.

ಪಟ್ಟಿ ಬೇಡ ಎಂದದ್ದಕ್ಕೂ ಕಾರಣವಿದೆ. ಜೋಡಿಯನ್ನು ಅಕ್ಕಪಕ್ಕ ಇಟ್ಟು ಕಲಿತರೆ ಪರೀಕ್ಷೆಯ ಹೊತ್ತಿಗೆ ಎರಡೂ ಒಟ್ಟಿಗೆ ನೆನಪಾಗಿ, ಯಾವುದು ಯಾವುದೆಂದು ತೋಚುವುದಿಲ್ಲ. ಒಂದನ್ನು ಮೊದಲು ಅದರ ಬಳಗದ ಜೊತೆ ಕಲಿಯಿರಿ. ಬೇಕರ್ ಇರುವುದರಿಂದ ಬೇಕರಿ. ಹಾಗೆಯೇ ಕಾಗದ, ಪೆನ್ನು ಮಾರುವ ಸ್ಟೇಷನರ್‌ನಿಂದ ಸ್ಟೇಷನರಿ. ಎರಡರಲ್ಲೂ ಇ-ಆರ್ ಇದೆ. ಇದು ಕೈಗೆ ಕೂತ ಮೇಲೆ, ವಾರ ಬಿಟ್ಟು, 'ನಿಂತಲ್ಲೇ ಇರುವ' ಎಂಬ ಅರ್ಥದ, ಎ-ಆರ್ ಇರುವ ಇನ್ನೊಂದಕ್ಕೆ ಹೋಗಿ. ಪ್ರತಿ ಪದವನ್ನೂ ಪೂರ್ಣ ವಾಕ್ಯದಲ್ಲೇ ಬರೆಯಿರಿ, ಅದರ ಮುಂದೆ ಬರುವ ಕರ್ಮಪದದ ಸಮೇತ. ನನ್ನ ಸಂಬಳ ತಿಂದದ್ದು ಆ ಕರ್ಮಪದವೇ.

ಪರೀಕ್ಷೆಗೆ ಇನ್ನೆರಡು ತಿಂಗಳಿದೆ ಎಂದಿದ್ದೀರಿ. ದಿನಕ್ಕೆ ಮೂರು ಪದ ಸಾಕು. ಇವತ್ತು ಮಾತ್ರ ಯಾವುದನ್ನೂ ಕಲಿಯಬೇಡಿ; ಪುಸ್ತಕದಲ್ಲಿ ಪದಗಳ ಮೇಲೆ ಬರೆದುಕೊಂಡ ಕನ್ನಡ ಉಚ್ಚಾರಗಳನ್ನೆಲ್ಲ ರಬ್ಬರಿನಿಂದ ಅಳಿಸಿಬಿಡಿ.