ಎಣ್ಣೆ ಮಿಲ್ಲಿನಿಂದ ಷೇರುಪೇಟೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣತಮ್ಮಂದಿರು ಸೇರಿ ಪಾಲುದಾರಿಕೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುತ್ತಿದ್ದೇವೆ. ವರ್ಷದ ವಹಿವಾಟು 60 ಕೋಟಿ. ಸಣ್ಣ ಕಂಪನಿಗಳ ಐಪಿಒಗೆ (ಮೊದಲ ಬಾರಿ ಜನರಿಗೆ ಷೇರು ಮಾರುವುದಕ್ಕೆ) 25 ಕೋಟಿ ಮಿತಿ ಇದೆಯಂತೆ. ಹಾಗಾದರೆ ನಮಗೆ ಬಾಗಿಲು ಮುಚ್ಚಿದಂತೆಯೇ? (ಚಳ್ಳಕೆರೆಯ ಓದುಗರು)

ಉತ್ತರ: ಇಲ್ಲ. ಆ 25 ಕೋಟಿ ವಹಿವಾಟಿನ ಮಿತಿಯಲ್ಲ. ಐಪಿಒ ಆದ ಮೇಲೆ ಕಂಪನಿಯ ಒಟ್ಟು ಷೇರುಗಳನ್ನು ಮುಖಬೆಲೆಯಲ್ಲಿ (ಷೇರಿಗೆ ನಮೂದಿಸಿದ ಮೂಲ ಬೆಲೆಯಲ್ಲಿ) ಲೆಕ್ಕ ಹಾಕಿದರೆ ಬರುವ ಬಂಡವಾಳಕ್ಕೆ ಇರುವ ಮಿತಿ. ನೂರಾರು ಕೋಟಿ ವಹಿವಾಟಿನ ಕಂಪನಿಯೂ ಇದರೊಳಗೆ ಬರಬಹುದು.

ನಿಮ್ಮ ತೊಡಕು ಬೇರೆ. ಪಾಲುದಾರಿಕೆ ಸಂಸ್ಥೆ ಷೇರು ಮಾರುವಂತಿಲ್ಲ. ಮೊದಲು ಕಂಪನಿ ಕಾಯ್ದೆಯಡಿ ನೋಂದಣಿಯಾಗಬೇಕು. 2025ರ ಮಾರ್ಚ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ತಂದ ತಿದ್ದುಪಡಿಯ ಪ್ರಕಾರ, ಹಾಗೆ ಬದಲಾದ ಕಂಪನಿ ಕರಡು ಪ್ರಾಸ್ಪೆಕ್ಟಸ್ (ಕಂಪನಿಯ ಮತ್ತು ಇಶ್ಯೂವಿನ ವಿವರವಿರುವ ದಾಖಲೆ) ಸಲ್ಲಿಸುವ ಮುನ್ನ ಕನಿಷ್ಠ ಒಂದು ಪೂರ್ತಿ ಆರ್ಥಿಕ ವರ್ಷ ಕಳೆದಿರಬೇಕು. ಜೂನ್‌ನಲ್ಲಿ ನೋಂದಾಯಿಸಿದರೆ ಆ ವರ್ಷ ಲೆಕ್ಕಕ್ಕಿಲ್ಲ. ಮುಂದಿನ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದೇ ಮೊದಲ ಪೂರ್ತಿ ವರ್ಷ. ಮಾರ್ಚ್ ಒಳಗೇ ಮುಗಿಸಿಕೊಂಡರೆ ಹತ್ತಿರ ಹತ್ತಿರ ಒಂದು ವರ್ಷ ಉಳಿಯುತ್ತದೆ.

ಇನ್ನು ಲಾಭ. ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಎರಡರಲ್ಲಿ, ಬಡ್ಡಿ, ಸವಕಳಿ, ತೆರಿಗೆ ಕಳೆಯುವ ಮುನ್ನ ಕನಿಷ್ಠ 1 ಕೋಟಿ ಕಾರ್ಯಾಚರಣೆ ಲಾಭ ಬೇಕು. 60 ಕೋಟಿಯಲ್ಲಿ ಶೇ 1.5 ಉಳಿದರೆ 90 ಲಕ್ಷ, ಆಗಲಿಲ್ಲ. ಎನ್‌ಎಸ್‌ಇ ಎಮರ್ಜ್‌ಗೆ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಸಣ್ಣ ಕಂಪನಿಗಳ ವೇದಿಕೆಗೆ) ಹೋಗುವುದಾದರೆ ಷೇರುದಾರರ ಪಾಲಿಗೆ ಉಳಿಯುವ ನಗದು ಹರಿವೂ ಮೂರರಲ್ಲಿ ಎರಡು ವರ್ಷ ಧನಾತ್ಮಕವಾಗಿರಬೇಕು. ಎಣ್ಣೆ ಮಿಲ್ಲುಗಳು ಎಡವುವುದು ಹೆಚ್ಚಾಗಿ ಇಲ್ಲೇ. ಸುಗ್ಗಿಯಲ್ಲಿ ಕೊಂಡ ಶೇಂಗಾ ಮಾರ್ಚ್ 31ಕ್ಕೆ ಗೋದಾಮಿನಲ್ಲೇ ಇದ್ದರೆ ಲಾಭ ಕಂಡರೂ ನಗದು ಕಾಣುವುದಿಲ್ಲ.

ಎಣ್ಣೆಯ ಲೆಕ್ಕ ಎಲ್ಲರೂ ಇಡುತ್ತಾರೆ. ಹಿಂಡಿ ಮತ್ತು ಹೊಟ್ಟಿನದು ಇಡುವುದಿಲ್ಲ. 100 ಕೆಜಿ ಬೀಜಕ್ಕೆ ಸುಮಾರು 40 ಕೆಜಿ ಎಣ್ಣೆ ಎಂದರೆ ಹಿಂಡಿ ಎಷ್ಟು ಬರಬೇಕು ಎಂಬುದನ್ನು ಆಡಿಟರ್ ಎರಡು ನಿಮಿಷದಲ್ಲಿ ತೆಗೆಯುತ್ತಾರೆ. ಆ ಹಿಂಡಿಗೆಲ್ಲ ಬಿಲ್ ಇಲ್ಲದಿದ್ದರೆ ಮೂರು ವರ್ಷದ ಲೆಕ್ಕವೇ ಅನುಮಾನಕ್ಕೆ ಬೀಳುತ್ತದೆ. ನಗದಿನಲ್ಲಿ ಮಾರುವುದನ್ನು ಇಂದೇ ನಿಲ್ಲಿಸಿ. ಮಿಲ್ಲಿನ ಜಾಗ ತಂದೆಯವರ ಹೆಸರಲ್ಲಿದ್ದರೆ ಕಂಪನಿಗೆ ದೀರ್ಘಾವಧಿಯ ನೋಂದಾಯಿತ ಬಾಡಿಗೆ ಕರಾರು ಮಾಡಿಸಿ. ಭೂ ಪರಿವರ್ತನೆ ಆದೇಶವನ್ನೂ ಹುಡುಕಿಡಿ.

ಪ್ರಶ್ನೆ: ನಮ್ಮದು ಯಂತ್ರದ ಬಿಡಿಭಾಗ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ, ಬಂಡವಾಳ 6 ಕೋಟಿ. ಎಷ್ಟು ಷೇರು ಬಿಟ್ಟುಕೊಡಬೇಕು? ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ? (ಹರಿಹರದ ಓದುಗರು)

ಉತ್ತರ: 10 ರೂಪಾಯಿ ಮುಖಬೆಲೆಯಲ್ಲಿ ನಿಮ್ಮವು 60 ಲಕ್ಷ ಷೇರು. ಉದಾಹರಣೆಗೆ, 90 ರೂಪಾಯಿಯಂತೆ ಹೊಸದಾಗಿ 24 ಲಕ್ಷ ಷೇರು ಬಿಟ್ಟರೆ 21.60 ಕೋಟಿ ಬರುತ್ತದೆ, ಬಂಡವಾಳ 8.40 ಕೋಟಿ ಆಗುತ್ತದೆ. ಈ 24 ಲಕ್ಷದಲ್ಲಿ ಶೇ 5, ಅಂದರೆ 1.20 ಲಕ್ಷ ಷೇರು, ಮಾರ್ಕೆಟ್ ಮೇಕರ್‌ಗೆ (ಪೇಟೆಯಲ್ಲಿ ನಿಮ್ಮ ಷೇರು ಕೊಳ್ಳಲು, ಮಾರಲು ಸಿದ್ಧವಿರುವ ದಲ್ಲಾಳಿ ಸಂಸ್ಥೆಗೆ). ಉಳಿದ 22.80 ಲಕ್ಷ ಒಟ್ಟು ಷೇರಿನ ಶೇ 27ರಷ್ಟು. ಸಾರ್ವಜನಿಕರ ಪಾಲು ಕನಿಷ್ಠ ಶೇ 25 ಇರಬೇಕಾದ್ದರಿಂದ ಸರಿಹೋಯಿತು. ಮಾರ್ಕೆಟ್ ಮೇಕರ್ ಪಾಲನ್ನು ಕಳೆಯಲು ಮರೆತು ಶೇ 25ಕ್ಕೆ ಸರಿಯಾಗಿ ಲೆಕ್ಕ ಕೂರಿಸಿದರೆ ಕೊನೆಗೆ ಷೇರು ಸಾಲದೆ ಬರುತ್ತದೆ.

ನಿಮ್ಮ ಕುಟುಂಬದ 60 ಲಕ್ಷ ಷೇರು ಕೂಡಲೇ ಮಾರಲು ಸಿಗುವುದಿಲ್ಲ. ಒಟ್ಟಿನ ಶೇ 20, ಅಂದರೆ 16.80 ಲಕ್ಷ, ಕನಿಷ್ಠ ಮೂರು ವರ್ಷ ಬೀಗದಲ್ಲಿ. ಉಳಿದ 43.20 ಲಕ್ಷದಲ್ಲಿ ಅರ್ಧ ಒಂದು ವರ್ಷಕ್ಕೆ, ಇನ್ನರ್ಧ ಎರಡು ವರ್ಷಕ್ಕೆ ಬಿಡುಗಡೆ. ಮಗಳ ಮದುವೆಗೆ ಷೇರು ಮಾರುವ ಯೋಚನೆಯಿದ್ದರೆ ಈಗಲೇ ಬಿಡಿ.

ಕ್ರಮಕ್ಕೆ ಬರೋಣ. ವಿಶೇಷ ನಿರ್ಣಯ ಮಾಡಿ ಪಬ್ಲಿಕ್ ಲಿಮಿಟೆಡ್ ಆಗಿ; ಇದಕ್ಕೆ ಕನಿಷ್ಠ ಏಳು ಷೇರುದಾರರು, ಮೂವರು ನಿರ್ದೇಶಕರು ಬೇಕು. ಎಲ್ಲ ಷೇರೂ ಡಿಮ್ಯಾಟ್ ಆಗಲಿ. ಪೂರ್ಣಾವಧಿ ಕಂಪನಿ ಕಾರ್ಯದರ್ಶಿಯನ್ನು ಆಗಲೇ ನೇಮಿಸಿಕೊಳ್ಳಿ. ಹಳೆಯ ಸಭೆಗಳ ನಡಾವಳಿ, ಷೇರು ಹಂಚಿಕೆಯ ಕಾಗದ ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ. ಪೀರ್ ರಿವ್ಯೂ ಪ್ರಮಾಣಪತ್ರ (ತಮ್ಮ ಕೆಲಸವನ್ನು ಬೇರೆ ಆಡಿಟರ್ ಪರಿಶೀಲಿಸಿದ್ದಾರೆ ಎಂಬ ಪತ್ರ) ಇರುವ ಆಡಿಟರ್ ಮೂರು ವರ್ಷದ ಲೆಕ್ಕವನ್ನು ಮರುಜೋಡಿಸುತ್ತಾರೆ. ದಾವಣಗೆರೆಯ ನಿಮ್ಮ ಹಳೆಯ ಆಡಿಟರ್‌ಗೆ ಅದಿಲ್ಲದಿದ್ದರೆ ಬೇರೆಯವರು ಬೇಕೇ ಬೇಕು. ಐಪಿಒ ನಡೆಸಿಕೊಡುವ ಮರ್ಚೆಂಟ್ ಬ್ಯಾಂಕರ್ ಕರಡು ಪ್ರಾಸ್ಪೆಕ್ಟಸ್ ತಯಾರಿಸಿ ಷೇರು ವಿನಿಮಯ ಕೇಂದ್ರಕ್ಕೆ ಕೊಡುತ್ತಾರೆ. ಅದು 21 ದಿನ ಜನರ ಅಭಿಪ್ರಾಯಕ್ಕೆ ತೆರೆದಿರುತ್ತದೆ. ನಿಮ್ಮ ಮೇಲೆ ಮುನಿಸಿರುವ ಹಳೆಯ ಪಾಲುದಾರರು ತಕರಾರು ಬರೆಯುವುದು ಆಗಲೇ. ಪೂರ್ತಿ ಮೊತ್ತಕ್ಕೆ ಅಂಡರ್‌ರೈಟಿಂಗ್ (ಮಾರಾಟವಾಗದ ಷೇರನ್ನು ತಾವೇ ಕೊಳ್ಳುವ ಹೊಣೆ) ಕಡ್ಡಾಯ, ಅದರಲ್ಲಿ ಶೇ 15 ಮರ್ಚೆಂಟ್ ಬ್ಯಾಂಕರ್ ಸ್ವಂತಕ್ಕೆ ಹೊರಬೇಕು. ಕನಿಷ್ಠ 200 ಜನರಿಗೆ ಷೇರು ಹಂಚಿಕೆಯಾಗಬೇಕು. ಅರ್ಜಿ ಹಾಕುವವರು 2 ಲಕ್ಷಕ್ಕಿಂತ ಹೆಚ್ಚು ಹಾಕಬೇಕಾದ್ದರಿಂದ, ನೆಂಟರಿಷ್ಟರು ಹತ್ತಿಪ್ಪತ್ತು ಸಾವಿರ ಹಾಕುತ್ತಾರೆ ಎಂದು ನಂಬಿಕೊಳ್ಳಬೇಡಿ. ಇಶ್ಯೂ ಮುಗಿದ ಮೂರನೇ ಕೆಲಸದ ದಿನಕ್ಕೆ ಲಿಸ್ಟಿಂಗ್, ಅಂದರೆ ಪೇಟೆಯಲ್ಲಿ ಷೇರು ವಹಿವಾಟು ಆರಂಭ.

ಪ್ರಶ್ನೆ: ಮೆಕ್ಕೆಜೋಳದ ಪಶು ಆಹಾರ ಘಟಕಕ್ಕೆ ನನ್ನ ಭಾಮೈದ 2 ಕೋಟಿ ಸಾಲ ಕೊಟ್ಟಿದ್ದಾನೆ. ಐಪಿಒ ಹಣದಲ್ಲಿ ತೀರಿಸಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಬರುವುದಿಲ್ಲ. ಹೆಂಡತಿಯ ಅಣ್ಣತಮ್ಮಂದಿರೂ ಪ್ರವರ್ತಕರ (ಕಂಪನಿ ಕಟ್ಟಿ ನಡೆಸುವವರ) ಗುಂಪಿಗೆ ಸೇರುತ್ತಾರೆ. ಅವರ ಸಾಲಕ್ಕೆ ಐಪಿಒ ಹಣ ಮುಟ್ಟುವಂತಿಲ್ಲ. ನೇರವಾಗಿಯೂ ಇಲ್ಲ, ಬ್ಯಾಂಕಿನಿಂದ ಸಾಲ ತಂದು ಅವರಿಗೆ ಕೊಟ್ಟು, ಆಮೇಲೆ ಬ್ಯಾಂಕಿಗೆ ಕಟ್ಟುವ ಸುತ್ತುದಾರಿಯೂ ಇಲ್ಲ. ಇಶ್ಯೂಗೆ ಮುಂಚೆಯೇ ಲಾಭದಿಂದ ತೀರಿಸಿ. ‘ಕಂಪನಿಯ ಸಾಮಾನ್ಯ ಉದ್ದೇಶ’ ಎಂದು ಇಟ್ಟುಕೊಳ್ಳುವ ಹಣಕ್ಕೂ ಇಶ್ಯೂ ಮೊತ್ತದ ಶೇ 15 ಅಥವಾ 10 ಕೋಟಿ, ಯಾವುದು ಕಡಿಮೆಯೋ ಅದೇ ಮಿತಿ.

ಪ್ರಶ್ನೆ: ಒಬ್ಬ ಮಧ್ಯವರ್ತಿ ಎಲ್ಲ ಕಾಗದ ತಾನೇ ತರುತ್ತೇನೆ, ಯಂತ್ರಗಳ ಕೊಟೇಶನ್ (ದರಪತ್ರ) ಕೂಡ ಮಾಡಿಸುತ್ತೇನೆ, ಮೊದಲ ದಿನವೇ ಬೆಲೆ ದುಪ್ಪಟ್ಟು ಎನ್ನುತ್ತಾನೆ. ನಂಬಬಹುದೇ? (ಚಿತ್ರದುರ್ಗದ ಓದುಗರು)

ಉತ್ತರ: ಬೇಡ. ಸಣ್ಣ ಕಂಪನಿಗಳ ಷೇರು ಮೊದಲ ದಿನ ಇಶ್ಯೂ ಬೆಲೆಗಿಂತ ಶೇ 90ಕ್ಕಿಂತ ಮೇಲೆ ಆರಂಭವಾಗದಂತೆ ಎನ್‌ಎಸ್‌ಇ 2024ರಲ್ಲೇ ತಡೆ ಹಾಕಿದೆ. ಕೊಟೇಶನ್ ವಿಷಯ ಇನ್ನೂ ಗಂಭೀರ. ಟ್ರಾಫಿಕ್‌ಸಾಲ್ ಎಂಬ ಕಂಪನಿ ಸಾಫ್ಟ್‌ವೇರ್ ಕೊಳ್ಳುತ್ತೇನೆಂದು ತೋರಿಸಿದ ಮಾರಾಟಗಾರ ಸಂಸ್ಥೆ ಬರೀ ಹೆಸರಿಗಷ್ಟೇ ಇದ್ದದ್ದು ಎಂದು ಕಂಡುಬಂದು, 2024ರ ಡಿಸೆಂಬರ್‌ನಲ್ಲಿ ಹೂಡಿಕೆದಾರರ ಹಣ ವಾಪಸ್ ಕೊಡುವಂತೆ ಸೆಬಿ ಆದೇಶಿಸಿತು. ಷೇರು ಲಿಸ್ಟ್ ಆಗಲೇ ಇಲ್ಲ. ಯಂತ್ರ ಮಾರುವವರ ಜಿಎಸ್‌ಟಿ ರಿಟರ್ನ್ ನೋಡಿ, ಅವರ ಕಾರ್ಖಾನೆಗೆ ಹೋಗಿ ಬನ್ನಿ, ಕೊಟೇಶನ್‌ನ ಅವಧಿ ಇಶ್ಯೂ ತನಕ ಇರುವಂತೆ ಬರೆಸಿಕೊಳ್ಳಿ. ಮರ್ಚೆಂಟ್ ಬ್ಯಾಂಕರ್ ನೋಂದಣಿ ಸಂಖ್ಯೆಯನ್ನು ಸೆಬಿ ಪಟ್ಟಿಯಲ್ಲಿ ನೀವೇ ಹುಡುಕಿ, ಮಧ್ಯವರ್ತಿಯ ಮೂಲಕವಲ್ಲದೆ ನೇರವಾಗಿ ಅವರ ಕಚೇರಿಗೇ ಪತ್ರ ಬರೆಯಿರಿ.