ಪ್ರೆಸ್ ನೋಟ್ ಕಳಿಸಿದರೆ ಸಾಲದೇ?

ಥಿಂಕ್ ಟ್ಯಾಂಕ್‌ಗಳು, ಅಂದರೆ ಸರ್ಕಾರದ ನೀತಿಗಳ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಗಳು, ತಮ್ಮ ವಿಚಾರಗಳನ್ನು ಮಾಧ್ಯಮಕ್ಕೆ ಹೇಗೆ ಮುಟ್ಟಿಸುತ್ತವೆ, ಒಂದು ಪ್ರೆಸ್ ನೋಟ್ ಕಳಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಅಂಥ ಪ್ರೆಸ್ ನೋಟ್‌ಗಳನ್ನು ಎರಡನೇ ಸಾಲಿಗೇ ಬಿಟ್ಟು ಅಳಿಸುತ್ತಿದ್ದವಳು ನಾನು. ಆಮೇಲೆ ಅಂಥದೇ ಒಂದು ಸಂಸ್ಥೆಗೆ ಸೇರಿ ಅವನ್ನೇ ಬರೆಯುವ ಕೆಲಸ ಗಂಟುಬಿತ್ತು. ಹಾಗಾಗಿ ಎರಡೂ ಕಡೆಯ ಸಂಕಟ ಗೊತ್ತು.

ಸುದ್ದಿಮನೆಗೆ ವರದಿ ಬೇಕಿಲ್ಲ, ಸಂಜೆ ಆರಕ್ಕೆ ಫೋನ್ ಎತ್ತುವ ಮನುಷ್ಯ ಬೇಕು. ಮಧ್ಯಾಹ್ನ ಸರ್ಕಾರ ಮಸೂದೆ ಮಂಡಿಸಿರುತ್ತದೆ, ಪುಟ ಮುಗಿಸಲು ಎರಡು ಗಂಟೆ ಉಳಿದಿರುತ್ತದೆ. ಹನ್ನೊಂದನೇ ಕಲಮಿನ ಅರ್ಥವೇನು, ಹಳೆಯ ಕಾಯ್ದೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಬಿಡಿಸಿ ಹೇಳುವವರು ಸಿಕ್ಕರೆ ವರದಿಗಾರರಿಗೆ ಅವರೇ ದೇವರು. ‘ನಾಳೆ ಮೇಲ್ ಮಾಡುತ್ತೇನೆ’ ಎನ್ನುವ ವಿದ್ವಾಂಸರನ್ನು ಎರಡನೇ ಸಲ ಯಾರೂ ಕೇಳುವುದಿಲ್ಲ. ಇಂಥ ಹತ್ತು ಕರೆಗಳಲ್ಲಿ ಎಂಟರಲ್ಲಿ ನಮ್ಮ ಹೆಸರು ಅಚ್ಚಾಗುತ್ತಿರಲಿಲ್ಲ, ಆದರೆ ಸುದ್ದಿಯೊಳಗೆ ನಮ್ಮ ವಿವರಣೆ ಇರುತ್ತಿತ್ತು. ಬ್ರಿಟನ್ನಿನಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಥಿಂಕ್ ಟ್ಯಾಂಕ್ 1969ರಿಂದ ಇದೆ. ಬಜೆಟ್ ಮಂಡನೆಯಾದ ಮರುದಿನ ಅವರು ಲೆಕ್ಕ ಬಿಡಿಸಿ ಕೂರುತ್ತಾರೆ, ಅಲ್ಲಿನ ಪತ್ರಕರ್ತರು ಅದಕ್ಕೆ ಕಾದಿರುತ್ತಾರೆ. ಯಾವ ಪಕ್ಷದ ಸರ್ಕಾರ ಬಂದರೂ ಅದೇ ಕೆಲಸವನ್ನು ಅದೇ ದಿನ ಮಾಡಿ ಗಳಿಸಿದ ನಂಬಿಕೆ ಅದು. ಒಂದೇ ವರ್ಷದಲ್ಲಿ ಗಳಿಸುವಂಥದ್ದಲ್ಲ.

ಇನ್ನು ಬರಹದ ಗಾತ್ರ. ಅಮೆರಿಕದಲ್ಲಿ 1973ರಲ್ಲಿ ಹುಟ್ಟಿದ ಬಲಪಂಥೀಯ ಥಿಂಕ್ ಟ್ಯಾಂಕ್ ಹೆರಿಟೇಜ್ ಫೌಂಡೇಶನ್‌ನವರು ‘ಬ್ರೀಫ್‌ಕೇಸ್ ಪರೀಕ್ಷೆ’ ಎಂದು ಇಟ್ಟುಕೊಂಡಿದ್ದರು. ಸಂಸದರು ವಿಮಾನ ನಿಲ್ದಾಣದಿಂದ ಸಂಸತ್ತಿಗೆ ಕಾರಿನಲ್ಲಿ ಹೋಗುವಷ್ಟರಲ್ಲಿ ವರದಿ ಓದಿ ಮುಗಿಯಬೇಕು, ಅಷ್ಟೇ. ಅವರ ರಾಜಕೀಯ ನನಗೆ ಒಗ್ಗುವುದಿಲ್ಲ, ಆದರೆ ಈ ವಿಷಯದಲ್ಲಿ ಅವರಿಂದ ಕಲಿಯದ ಸಂಸ್ಥೆ ಇಲ್ಲ. 1995ರಲ್ಲಿ ಆರ್ಥಿಕ ಸ್ವಾತಂತ್ರ್ಯ ಸೂಚ್ಯಂಕ ಶುರುಮಾಡಿದ ಅವರು ಆಮೇಲೆ ಹಲವು ವರ್ಷ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯನ್ನೇ ಜೊತೆಗೆ ಸೇರಿಸಿಕೊಂಡು ಅದನ್ನು ತಂದರು. ಪತ್ರಿಕೆಯ ಬಾಗಿಲು ತಟ್ಟುವ ಗೋಜೇ ಇರಲಿಲ್ಲ, ಪತ್ರಿಕೆಯೇ ಪಾಲುದಾರನಾಗಿತ್ತು!

ಸೂಚ್ಯಂಕ, ರ‍್ಯಾಂಕಿಂಗ್‌ಗಳಷ್ಟು ಸಲೀಸಾಗಿ ಸುದ್ದಿಯಾಗುವ ಸರಕು ಬೇರೆ ಇಲ್ಲ. ಪ್ರತಿ ದೇಶದ ವರದಿಗಾರನೂ ಮೊದಲು ತನ್ನ ದೇಶ ಎಷ್ಟನೇ ಸ್ಥಾನದಲ್ಲಿದೆ ಎಂದು ಹುಡುಕುತ್ತಾನೆ, ಸುದ್ದಿ ತಾನಾಗಿ ಹುಟ್ಟುತ್ತದೆ. ಇದರಲ್ಲೇ ಅಪಾಯವೂ ಇದೆ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ (ಇದನ್ನು ಥಿಂಕ್ ಟ್ಯಾಂಕ್ ಎನ್ನುವುದಕ್ಕಿಂತ ಹೋರಾಟದ ಸಂಸ್ಥೆ ಎನ್ನಬೇಕು) 1995ರಿಂದ ತರುತ್ತಿರುವ ಸೂಚ್ಯಂಕ ಅಳೆಯುವುದು ಭ್ರಷ್ಟಾಚಾರದ ಬಗ್ಗೆ ತಜ್ಞರು ಮತ್ತು ಉದ್ಯಮಿಗಳಲ್ಲಿರುವ ಗ್ರಹಿಕೆಯನ್ನು. ಹೆಸರಿನಲ್ಲೇ ‘ಗ್ರಹಿಕೆ’ ಎಂದಿದೆ. ಆದರೂ ತಲೆಬರಹ ‘ಭ್ರಷ್ಟಾಚಾರ ಹೆಚ್ಚಳ’ ಎಂದೇ ಬರುತ್ತದೆ.

ನಮಗೂ ಹಾಗೇ ಆಯಿತು. ಒಂದು ತೆರಿಗೆ ಬದಲಾದರೆ ಎಷ್ಟು ಕುಟುಂಬಗಳಿಗೆ ಹೊರೆ ಎಂದು ನಮ್ಮವರು ಲೆಕ್ಕ ಹಾಕಿದ್ದರು. ಅದು ಅಂದಾಜು. ಕೆಳಮಿತಿಗೂ ಮೇಲ್ಮಿತಿಗೂ ದುಪ್ಪಟ್ಟಿಗಿಂತ ಹೆಚ್ಚು ಅಂತರವಿತ್ತು. ಪ್ರೆಸ್ ನೋಟ್‌ನ ಮೊದಲ ಸಾಲಿನಲ್ಲಿ ನಾನು ‘ಗರಿಷ್ಠ ಇಷ್ಟು’ ಎಂದು ಬರೆದೆ. ಕೆಳಗಿನ ಸಂಖ್ಯೆ ಮೂರನೇ ಪ್ಯಾರಾಗೆ ಹೋಯಿತು. ಬೆಳಿಗ್ಗೆ ನೋಡಿದರೆ ‘ಗರಿಷ್ಠ’ ಹಾರಿಹೋಗಿ ಬರೀ ಸಂಖ್ಯೆ ನಿಂತಿತ್ತು, ಮುಖಪುಟದಲ್ಲಿ, ದಪ್ಪಕ್ಷರದಲ್ಲಿ. ಕಚೇರಿಯಲ್ಲಿ ಎಲ್ಲರಿಗೂ ಖುಷಿ. ಲೆಕ್ಕ ಹಾಕಿದ ಸಂಶೋಧಕ ಮಾತ್ರ ನನ್ನ ಮೇಜಿನ ಮುಂದೆ ಪತ್ರಿಕೆ ಹಿಡಿದು ನಿಂತು, ‘ಇದು ನನ್ನ ಲೆಕ್ಕ ಅಲ್ಲ ಮೇಡಂ’ ಅಂದ. ತಪ್ಪು ಉಪಸಂಪಾದಕರದ್ದು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಡೆಸ್ಕಿನಲ್ಲಿ ಕೂತಿದ್ದವಳಿಗೆ ಯಾವ ಪದ ಮೊದಲು ಕತ್ತರಿಗೆ ಸಿಗುತ್ತದೆ ಎಂದು ಗೊತ್ತಿರಲಿಲ್ಲವೇ? ಅಂದಿನಿಂದ ಎರಡೂ ಸಂಖ್ಯೆಗಳನ್ನು ಒಂದೇ ವಾಕ್ಯದಲ್ಲಿ, ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲದ ಹಾಗೆ ಬರೆಯುತ್ತೇನೆ.

ಅವಸರ ತಪ್ಪಿಸಲು ಇರುವ ಉಪಾಯ ಎಂಬಾರ್ಗೋ. ಇಂಥ ದಿನ ಇಂಥ ಗಂಟೆಯ ತನಕ ಪ್ರಕಟಿಸಬಾರದು ಎಂಬ ಕರಾರಿನ ಮೇಲೆ ವರದಿಯನ್ನು ಎರಡು ಮೂರು ದಿನ ಮೊದಲೇ ಕೊಡುವುದು. ಓದಲು, ನಮ್ಮನ್ನು ಒಪ್ಪದವರಿಗೂ ಫೋನ್ ಮಾಡಲು ಆಗ ಸಮಯ ಸಿಗುತ್ತದೆ. ಒಂದೇ ಪತ್ರಿಕೆಗೆ ಎಕ್ಸ್‌ಕ್ಲೂಸಿವ್ ಕೊಟ್ಟರೆ ಮುಖಪುಟ ಸಿಗಬಹುದು, ಉಳಿದವರು ಮುನಿಸಿಕೊಳ್ಳುತ್ತಾರೆ. ಅಂಕಣ ಬರಹ ಗೊತ್ತೇ ಇದೆ: ಎಂಟುನೂರು ಪದ, ಕೆಳಗೆ ಸಂಸ್ಥೆಯ ಹೆಸರು. ಹಿಂದಿನ ವಾರದ ವಿಷಯಕ್ಕೆ ಎಷ್ಟು ಚೆನ್ನಾಗಿ ಬರೆದರೂ ಜಾಗವಿಲ್ಲ, ಹಾಗಾಗಿ ಬಜೆಟ್ಟಿಗೂ ತೀರ್ಪಿಗೂ ಮುಂಚೆಯೇ ಅರ್ಧ ಬರೆದಿಟ್ಟಿರುತ್ತಾರೆ. ಮುಚ್ಚಿದ ಬಾಗಿಲ ಮಾತುಕತೆಗಳೂ ಇವೆ. ಲಂಡನ್ನಿನ ವಿದೇಶಾಂಗ ನೀತಿಯ ಥಿಂಕ್ ಟ್ಯಾಂಕ್ ಚಾಟಮ್ ಹೌಸ್ 1927ರಲ್ಲಿ ಮಾಡಿದ ನಿಯಮವೇ ಅಲ್ಲಿ ನಡೆಯುವುದು: ಕೇಳಿದ್ದನ್ನು ಬಳಸಿಕೊಳ್ಳಿ, ಯಾರು ಹೇಳಿದರೆಂದು ಹೇಳಬೇಡಿ.

ಇಷ್ಟೆಲ್ಲ ಪಾಡು ಏತಕ್ಕೆ? ಬ್ರಿಟನ್ನಿನ ಉದ್ಯಮಿ ಆಂಟನಿ ಫಿಶರ್ ರಾಜಕೀಯಕ್ಕಿಳಿಯಬೇಕೆಂದಿದ್ದಾಗ ಅರ್ಥಶಾಸ್ತ್ರಜ್ಞ ಹಾಯೆಕ್ ಬೇಡವೆಂದರು. ಮೊದಲು ಅಧ್ಯಾಪಕರು, ಬರಹಗಾರರು, ಪತ್ರಕರ್ತರನ್ನು ತಲುಪು, ರಾಜಕಾರಣಿಗಳು ಅವರ ಹಿಂದೆ ಬರುತ್ತಾರೆ ಎಂಬುದು ಅವರ ಸಲಹೆ. ಫಿಶರ್ 1955ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ಕಟ್ಟಿದರು. ಅಲ್ಲಿ ಬೆಳೆದ ಮಾರುಕಟ್ಟೆ ಪರ ವಿಚಾರಗಳು 1979ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಜೊತೆ ಅಧಿಕಾರಕ್ಕೆ ಬಂದವು. ಇಪ್ಪತ್ತನಾಲ್ಕು ವರ್ಷ! ನಾಳೆಯ ಪತ್ರಿಕೆಯಲ್ಲಿ ಬಂತೇ ಇಲ್ಲವೇ ಎಂದು ಒದ್ದಾಡುವ ನನ್ನಂಥವರಿಗೆ ಇದು ಸಮಾಧಾನವೋ ಶಿಕ್ಷೆಯೋ ತಿಳಿಯದು.

ನೀವು ಕೇಳದೇ ಇದ್ದರೂ ಒಂದು ಮಾತು. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್, ವಿದೇಶಿ ಸರ್ಕಾರಗಳು ಅಮೆರಿಕದ ಥಿಂಕ್ ಟ್ಯಾಂಕ್‌ಗಳಿಗೆ ಹಣ ಕೊಡುತ್ತಿರುವುದರ ಬಗ್ಗೆ ದೊಡ್ಡ ತನಿಖಾ ವರದಿ ಮಾಡಿತು. ಟಿವಿ ಚರ್ಚೆಯಲ್ಲಿ ತಜ್ಞರ ಹೆಸರಿನಡಿ ಸಂಸ್ಥೆಯ ಹೆಸರು ಬರುತ್ತದೆ, ದುಡ್ಡು ಕೊಟ್ಟವರ ಹೆಸರು ಬರುವುದಿಲ್ಲ. ನಾನು ಡೆಸ್ಕಿನಲ್ಲಿದ್ದಷ್ಟು ವರ್ಷ ಅದನ್ನು ಒಮ್ಮೆಯೂ ಕೇಳಲಿಲ್ಲ. ಈ ಕಡೆ ಬಂದ ಮೇಲೆ ನನ್ನನ್ನೂ ಇಬ್ಬರೇ ಕೇಳಿದ್ದಾರೆ.